ಕಲ್ಲಿನ ಮೇಲಿನ ಕಲೆ

ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಮಾತು ಶಿಲ್ಪಿಯ ಕೌಶಲವನ್ನೂ ಸೂಚಿಸುತ್ತದೆ, ಅಂಟಿದ ಮಚ್ಚೆಯನ್ನೂ ಸೂಚಿಸುತ್ತದೆ. ಕಲ್ಲಿನ ಮಟ್ಟಿಗೆ ಇವೆರಡೂ ಬಹು ಸಮೀಪದಲ್ಲಿವೆ. ಮಚ್ಚೆಯನ್ನು ತೆಗೆಯಹೋಗಿ ಕೆತ್ತನೆಯನ್ನೇ ಕಳೆದುಕೊಳ್ಳುವುದು ಕಷ್ಟದ ಮಾತಲ್ಲ.

ಮುಳವಾಡದ ಸೀಮೆ ಕರಿಕಲ್ಲಿನ ನೆಲ. ಜೋಳ ಬೆಳೆಯುವ ಎರೆಮಣ್ಣು ಆ ಕಲ್ಲೇ ಯುಗಯುಗಗಳಿಂದ ಶಿಥಿಲಗೊಂಡು ಆದುದು. 1656ರ ಹೊತ್ತಿಗೆ ಎದ್ದು ನಿಂತ ವಿಜಯಪುರದ ಗೋಳಗುಮ್ಮಟವೂ ಕರಿಕಲ್ಲಿನದೇ. ತಾಳಿಕೋಟೆಯ ಕಡೆ ಹಾಸುಗಲ್ಲಾಗಿ ಒದಗುವುದು ಸುಣ್ಣಕಲ್ಲು. ಕೃಷ್ಣೆಯ ಆಚೆಗೆ ಇಳಕಲ್ಲಿನ ಕೆಂಪು ಗ್ರಾನೈಟು. ಶಾಲೆಯ ಅಂಗಳದಲ್ಲಿ, ಗುಡಿಯ ಪ್ರಾಕಾರದಲ್ಲಿ, ದಾನಿಗಳ ಹೆಸರು ಕೆತ್ತಿದ ಆಸನಗಳಲ್ಲಿ ಈ ಮೂರೂ ಬೆರೆತಿರುವುದುಂಟು. ಕಣ್ಣಿಗೆ ಎಲ್ಲವೂ ಕಲ್ಲೇ. ಗುಣ ಮಾತ್ರ ಬೇರೆ ಬೇರೆ.

ಉತ್ಸವ ಸಮೀಪಿಸಿದಾಗ ಅವಸರದಿಂದ ಅಂಗಡಿಯ ಆಸಿಡ್ ಸುರಿದು ತಿಕ್ಕುವ ರೂಢಿಯಿದೆ. ಸುಣ್ಣಕಲ್ಲು ಆಸಿಡ್ಡಿಗೆ ನೊರೆಯೆದ್ದು ಕರಗುತ್ತದೆ. ಕರಿಕಲ್ಲಿನಲ್ಲಿ, ಗ್ರಾನೈಟಿನಲ್ಲಿ ಅಡಗಿರುವ ಕಬ್ಬಿಣದ ಅಂಶ ಹೊರಬಂದು, ಕೆಲವು ದಿನಗಳ ಮೇಲೆ ಹಳದಿ ತುಕ್ಕಾಗಿ ಹರಡಬಹುದು. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಿದರಂತೂ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಮಕ್ಕಳು ಆಡುವ ಅಂಗಳದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಆದುದರಿಂದ ಮೊದಲು ಕಲ್ಲನ್ನರಿಯಬೇಕು. ಮರೆಯ ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಟ್ಟಾಗ ಗುಳ್ಳೆಯೆದ್ದರೆ ಅದು ಸುಣ್ಣಕಲ್ಲು; ಹುಳಿಯನ್ನು ಅದರ ಹತ್ತಿರವೂ ತರಬಾರದು. ಅನಂತರ ಕಲೆಯನ್ನರಿಯಬೇಕು. ದೀಪದ ಎಣ್ಣೆ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿರುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಅದು ಬಾರದು. ಸೀಮೆಸುಣ್ಣದ ನಯವಾದ ಪುಡಿಯನ್ನು ಅಡಿಗೆಸೋಡಾ ಹಾಗೂ ನೀರಿನೊಡನೆ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ದಪ್ಪವಾಗಿ ಮೆತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಂದು ದಿನ ಬಿಡಬೇಕು. ಹಾಳೆ ತೆಗೆದ ಮೇಲೆ ಲೇಪ ಒಣಗುತ್ತ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ ಇದನ್ನು ಮೂರು ನಾಲ್ಕು ಸಲ ಮಾಡಬೇಕಾದೀತು. ಪಾಚಿಗೆ ನೀರು, ತೆಂಗಿನ ನಾರಿನ ಕುಂಚ ಸಾಕು. ತಂತಿಯ ಕುಂಚದಿಂದ ಉದುರಿದ ಕಬ್ಬಿಣದ ಚೂರು ತಾನೇ ತುಕ್ಕಿನ ಕಲೆಯಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದ ಕಲ್ಲನ್ನು ಕೂಡಲೆ ಒರೆಸದಿದ್ದರೆ ಬಿಳಿಯ ಪೊರೆ ಕಟ್ಟುತ್ತದೆ.

ಶಾಸನಗಳು, ವೀರಗಲ್ಲುಗಳು ಇವೆಲ್ಲಕ್ಕೂ ಹೊರತು. ಭಕ್ತಿಯಿಂದ ಬಳಿದ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಕೆರೆದು ತೆಗೆಯುವ ಕೈ ಅಕ್ಷರವನ್ನೂ ಕೆರೆದೀತು. ಆ ಕಾರ್ಯ ಪುರಾತತ್ತ್ವ ಇಲಾಖೆಯ ತಜ್ಞರಿಗೆ ಸೇರಿದುದು.

ದೀಪದ ಕೆಳಗೆ ಒಂದು ತಟ್ಟೆ ಇಡುವುದು, ಚೆಲ್ಲಿದ ಎಣ್ಣೆಯನ್ನು ಒಡನೆ ಬಟ್ಟೆಯಿಂದ ಒತ್ತಿ ತೆಗೆಯುವುದು, ವಾರಕ್ಕೊಮ್ಮೆ ಗುಡಿಸಿ ಒರೆಸುವುದು: ಅಂಗಳದ ನಿಜವಾದ ಕಾಯಕ ಇದು. ಇದಕ್ಕೆ ಹಣ ಬೇಡ. ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಮಾಡಬಲ್ಲರು. ದಾನಿ ಕೊಟ್ಟ ಕಲ್ಲಿನ ಮೇಲೆ ಅವನ ಹೆಸರು ಮೊಮ್ಮಕ್ಕಳ ಕಾಲಕ್ಕೂ ಓದಲು ಬರುವಂತೆ ಉಳಿಯುವುದು ಇಂಥ ದಿನನಿತ್ಯದ ಜತನದಿಂದಲೇ.