ಸೂಪರ್‌ಮ್ಯಾನ್ ಹುಟ್ಟಿದ ಬೀದಿಯಲ್ಲಿ

ಅಮೆರಿಕಕ್ಕೆ ಹೋದವರು ನ್ಯೂಯಾರ್ಕ್ ನೋಡುತ್ತಾರೆ, ನಯಾಗರಾ ಜಲಪಾತ ನೋಡುತ್ತಾರೆ. ನಯಾಗರಾದಿಂದ ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆ ಪ್ರಯಾಣದ ಕ್ಲೀವ್‌ಲ್ಯಾಂಡ್‌ಗೆ ಹೋಗಿಬಂದೆವು ಎನ್ನುವವರು ಕಡಿಮೆ. ಒಹಾಯೊ ರಾಜ್ಯದ ಈ ನಗರ ಈರಿ ಸರೋವರದ ದಡದಲ್ಲಿದೆ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಂದ ಮೆರೆದ ಊರು. ಆ ಕಾರ್ಖಾನೆಗಳ ಎಣ್ಣೆ, ಕೊಳೆ ಸೇರಿ 1969ರಲ್ಲಿ ಇಲ್ಲಿನ ಕಯಾಹೋಗ ನದಿಯೇ ಹೊತ್ತಿಕೊಂಡು ಉರಿದಿತ್ತು! ಇಂಥ ಊರಿಗೆ ಹುಡುಕಿಕೊಂಡು ಬರುವ ಒಂದು ಬಗೆಯ ಯಾತ್ರಿಕರಿದ್ದಾರೆ. ಅವರು ಬರುವುದು ಸರೋವರ ನೋಡಲಿಕ್ಕಲ್ಲ. ಗ್ಲೆನ್‌ವಿಲ್ ಬಡಾವಣೆಯ ಕಿಂಬರ್ಲಿ ಅವೆನ್ಯೂ ಎಂಬ ಸಣ್ಣ ಬೀದಿ ನೋಡಲಿಕ್ಕೆ.

ನಗರದ ನಡುಭಾಗದ ಪಬ್ಲಿಕ್ ಸ್ಕ್ವೇರ್‌ನಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನ ಒಳಗೇ ಗ್ಲೆನ್‌ವಿಲ್ ಸಿಗುತ್ತದೆ. ಅರಮನೆಯಿಲ್ಲ, ಗೋಪುರವಿಲ್ಲ. ಮರದ ಹಲಗೆ ಹೊದಿಸಿದ ಸಾಧಾರಣ ಮನೆಗಳು. ನಡುನಡುವೆ ಮನೆ ಕೆಡವಿದ ಖಾಲಿ ಜಾಗಗಳು. 1930ರ ಸುಮಾರಿನಲ್ಲಿ ಇದು ಯೆಹೂದಿ ವಲಸೆಗಾರರ ಬಡಾವಣೆ. ಇಂದು ಇಲ್ಲಿ ಹೆಚ್ಚಾಗಿ ಇರುವವರು ಕರಿಯ ಜನಾಂಗದವರು. ಈ ಸಾಲಿನ ಒಂದು ಮನೆಯ ಬೇಲಿಯ ಮೇಲೆ ಇಂಗ್ಲಿಷಿನ ‘ಎಸ್’ ಅಕ್ಷರದ ಲಾಂಛನ ಹೊತ್ತ ಫಲಕವಿದೆ. ಸೂಪರ್‌ಮ್ಯಾನ್ ಹುಟ್ಟಿದ ಮನೆ ಇದೇ! ಒಳಗೆ ಸಂಸಾರವೊಂದು ವಾಸವಾಗಿದೆ. ಆದ್ದರಿಂದ ಬಂದವರು ಬೀದಿಯಲ್ಲೇ ನಿಂತು ನೋಡಿ, ಚಿತ್ರ ತೆಗೆದುಕೊಂಡು ಹೊರಡುವುದು ವಾಡಿಕೆ.

ಇಬ್ಬರು ಹುಡುಗರು

ಈ ಮನೆಯಲ್ಲಿದ್ದ ಹುಡುಗನ ಹೆಸರು ಜೆರ್ರಿ ಸೀಗಲ್. ಕೆಲವೇ ಬೀದಿಗಳಾಚೆ, ಅಮೋರ್ ಅವೆನ್ಯೂದಲ್ಲಿ ಅವನ ಗೆಳೆಯ ಜೋ ಶುಸ್ಟರ್. ಇಬ್ಬರೂ 1914ರಲ್ಲಿ ಹುಟ್ಟಿದವರು, ಗ್ಲೆನ್‌ವಿಲ್ ಹೈಸ್ಕೂಲಿನ ವಿದ್ಯಾರ್ಥಿಗಳು. ಇಬ್ಬರೂ ನಾಚಿಕೆಯ ಸ್ವಭಾವದವರು, ಕನ್ನಡಕಧಾರಿಗಳು. ಪಾಠಕ್ಕಿಂತ ವೈಜ್ಞಾನಿಕ ಕಥೆಗಳ ಅಗ್ಗದ ಪತ್ರಿಕೆಗಳು ಮತ್ತು ಸಿನಿಮಾ ಅವರಿಗೆ ಪ್ರಾಣ. ಜೆರ್ರಿ ಬರೆಯುತ್ತಿದ್ದ, ಜೋ ಚಿತ್ರ ಬಿಡಿಸುತ್ತಿದ್ದ. ಜೋನ ಮನೆಯಲ್ಲಿ ಡ್ರಾಯಿಂಗ್ ಬೋರ್ಡಿಗೆ ಕಾಸಿರಲಿಲ್ಲ. ತಾಯಿ ಹಿಟ್ಟು ನಾದುತ್ತಿದ್ದ ಹಲಗೆಯೇ ಅವನ ಬೋರ್ಡು. ಹಿಟ್ಟು ನಾದುವ ದಿನ ಬಂತೆಂದರೆ ಕಲೆಗೆ ರಜೆ! ಹಾಳೆ ಕೊಳ್ಳಲಾಗದೆ ಗೋಡೆ ಕಾಗದದ ಹಿಂಬದಿಯ ಮೇಲೂ ಬಿಡಿಸುತ್ತಿದ್ದ.

1932ರಲ್ಲಿ ಜೆರ್ರಿಯ ತಂದೆ, ತಮ್ಮ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದ ರಾತ್ರಿ, ಹೃದಯಾಘಾತದಿಂದ ತೀರಿಕೊಂಡರು. ಗುಂಡು ತಾಗಿದರೂ ಜಗ್ಗದ ನಾಯಕ ಈ ಹುಡುಗನ ತಲೆಯಲ್ಲಿ ರೂಪುಗೊಂಡದ್ದು ಅದರ ಮುಂದಿನ ವರ್ಷಗಳಲ್ಲಿ. ಇವೆರಡಕ್ಕೂ ನಂಟಿದೆ ಎಂದು ಊಹಿಸುವವರಿದ್ದಾರೆ. ಬೇಸಿಗೆಯ ಒಂದು ರಾತ್ರಿ ನಿದ್ದೆ ಬಾರದೆ ಹೊರಳಾಡಿದ ಜೆರ್ರಿ, ಎದ್ದೆದ್ದು ಕಥೆಯ ತುಣುಕುಗಳನ್ನು ಬರೆದಿಟ್ಟನಂತೆ. ಬೆಳಗಾಗುತ್ತಲೇ ಆ ಹಾಳೆಗಳನ್ನು ಹಿಡಿದು ಜೋನ ಮನೆಗೆ ಓಡಿದನಂತೆ.

ಈಗ ಕುತೂಹಲದ ಸಂಗತಿ ನೋಡಿ. ಈ ನಾಯಕ ಹೇಗಿರಬೇಕು, ಹೇಗೆ ನಿಲ್ಲಬೇಕು, ಹೇಗೆ ನಗಬೇಕು ಎಂಬ ಪ್ರಶ್ನೆಗೆ ಹುಡುಗರು ಉತ್ತರ ಹುಡುಕಿದ್ದು ಊರಿನ ಸಿನಿಮಾ ಮಂದಿರದಲ್ಲಿ. ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಲ್ಲುವ ಠೀವಿ ಮೂಕಿ ಚಿತ್ರಗಳ ಸಾಹಸಿ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್‌ನದು. ಅದೇ ನಾಯಕ ವೇಷ ಮರೆಸಿ ಓಡಾಡುವಾಗಿನ ಪೆಚ್ಚು ಮುಖ, ದುಂಡು ಕನ್ನಡಕ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನವು. ಆ ಗುಟ್ಟಿನ ಹೆಸರು ಕ್ಲಾರ್ಕ್ ಕೆಂಟ್ ಕೂಡ ಇಬ್ಬರು ನಟರಿಂದ ಬಂದದ್ದು: ಕ್ಲಾರ್ಕ್ ಗೇಬಲ್‌ನಿಂದ ಅರ್ಧ, ಕೆಂಟ್ ಟೇಲರ್‌ನಿಂದ ಅರ್ಧ. ಚುರುಕು ನಾಲಗೆಯ ಪತ್ರಕರ್ತೆ ಲೋಯಿಸ್ ಲೇನ್‌ಗೆ, ಟಾರ್ಚಿ ಬ್ಲೇನ್ ಎಂಬ ವರದಿಗಾರ್ತಿಯ ಪಾತ್ರದಲ್ಲಿ ಮಿಂಚಿದ ಗ್ಲೆಂಡಾ ಫ್ಯಾರೆಲ್ ಮಾದರಿಯಾದರು. ಲೋಯಿಸ್‌ಳ ಮುಖಕ್ಕೆ ಮಾತ್ರ, ರೂಪದರ್ಶಿಯ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ ಜೋಆ್ಯನ್ ಎಂಬ ಹುಡುಗಿಯೇ ಸಿಕ್ಕಳು. 1948ರಲ್ಲಿ ಆಕೆ ಜೆರ್ರಿಯ ಕೈ ಹಿಡಿದಳು!

ಅಂದರೆ, ಸೂಪರ್‌ಮ್ಯಾನ್ ಪುಸ್ತಕದಲ್ಲಿ ಅಚ್ಚಾಗುವ ಮೊದಲೇ ಈ ಬೀದಿಯ ಇಬ್ಬರು ಹುಡುಗರ ತಲೆಯಲ್ಲಿ ಅದೊಂದು ಸಿನಿಮಾ ಆಗಿತ್ತು. ಯಾರೂ ತೆಗೆಯದ ಸಿನಿಮಾ. ಒಂದು ಪೈಸೆ ಸಂಬಳವಿಲ್ಲದೆ ದುಡಿದ ದೊಡ್ಡ ದೊಡ್ಡ ನಟರ ಸಿನಿಮಾ!

ತೆರೆ ಕಾಣದ ಚಿತ್ರಗಳು

ಇಂದು ಜಗತ್ತಿನ ಮೂಲೆಮೂಲೆಯ ಅಭಿಮಾನಿಗಳು ಆಡುವ ಆಟವೂ ಇದೇ. ಈ ಕಥೆಯನ್ನು ಸಿನಿಮಾ ಮಾಡಿದರೆ ನಾಯಕ ಯಾರಾಗಬೇಕು, ಖಳ ಯಾರು, ನಿರ್ದೇಶಕ ಯಾರು ಎಂದು ಪಟ್ಟಿ ಮಾಡುತ್ತಾರೆ. ಮೆಚ್ಚಿದ ನಟನಿಗೆ ಕೆಂಪು ಮೇಲುವಸ್ತ್ರ ತೊಡಿಸಿ ಭಿತ್ತಿಚಿತ್ರ ಬರೆಯುತ್ತಾರೆ. ಒಂದು ಹೆಸರಿಗಾಗಿ ರಾತ್ರಿಯೆಲ್ಲ ವಾದ ಮಾಡುತ್ತಾರೆ. 1991ರಿಂದ 2011ರವರೆಗೆ ಬಂದ ‘ವಿಝರ್ಡ್’ ಎಂಬ ಅಮೆರಿಕನ್ ಮಾಸಿಕದಲ್ಲಿ ಇದಕ್ಕೆಂದೇ ಪುಟವಿತ್ತು. ‘ಎಕ್ಸ್-ಮೆನ್’ ಕಥೆಯ ಬೋಳುತಲೆಯ ಪ್ರೊಫೆಸರ್ ಪಾತ್ರಕ್ಕೆ ಪ್ಯಾಟ್ರಿಕ್ ಸ್ಟುವರ್ಟ್ ಎಂದು ಅಭಿಮಾನಿಗಳು 1990ರ ದಶಕದಲ್ಲೇ ತೀರ್ಮಾನಿಸಿಬಿಟ್ಟಿದ್ದರು. 2000ದಲ್ಲಿ ಚಿತ್ರ ಬಂದಾಗ ಆ ಕುರ್ಚಿಯಲ್ಲಿ ಕುಳಿತದ್ದು ಅವರೇ.

ಎಲ್ಲ ಕನಸುಗಳಿಗೂ ಈ ಭಾಗ್ಯವಿಲ್ಲ. ಕ್ಲೀವ್‌ಲ್ಯಾಂಡ್‌ನಿಂದ ಆಗ್ನೇಯಕ್ಕೆ ಎರಡು ಗಂಟೆ ಪ್ರಯಾಣ ಮಾಡಿದರೆ ಪಿಟ್ಸ್‌ಬರ್ಗ್. 1998ರಲ್ಲಿ ಸೂಪರ್‌ಮ್ಯಾನ್‌ನ ಮಹಾನಗರವಾಗಿ ಬೆಳ್ಳಿತೆರೆಗೆ ಬರಬೇಕಾಗಿದ್ದ ಊರು ಅದು. ಚಿತ್ರದ ಹೆಸರು ‘ಸೂಪರ್‌ಮ್ಯಾನ್ ಲಿವ್ಸ್’. ನಿರ್ದೇಶಕ ಟಿಮ್ ಬರ್ಟನ್. ನಾಯಕ ನಿಕೊಲಸ್ ಕೇಜ್. ಮೊದಲ ಹಂತದ ಚಿತ್ರಕಥೆ ಬರೆದ ಕೆವಿನ್ ಸ್ಮಿತ್ ಹೇಳಿಕೊಂಡಂತೆ, ನಿರ್ಮಾಪಕರ ಬೇಡಿಕೆ ಮೂರು: ಸೂಪರ್‌ಮ್ಯಾನ್ ಹಳೆಯ ಉಡುಪು ತೊಡಬಾರದು, ಹಾರಬಾರದು, ಕೊನೆಗೆ ದೈತ್ಯ ಜೇಡವೊಂದರ ಜತೆ ಕಾದಾಡಬೇಕು! ಉಡುಪು ಹೊಲಿದಾಯಿತು, ಕೇಜ್ ತೊಟ್ಟು ನೋಡಿದ್ದೂ ಆಯಿತು. ಖರ್ಚಿನ ಲೆಕ್ಕ ಏರುತ್ತಲೇ ಹೋಗಿ, ಚಿತ್ರೀಕರಣ ಆರಂಭವಾಗುವ ಮೊದಲೇ 1998ರಲ್ಲಿ ಎಲ್ಲ ನಿಂತಿತು. ಉಳಿದದ್ದು ಉದ್ದ ಕೂದಲಿನ ಕೇಜ್‌ನ ಕೆಲವು ಛಾಯಾಚಿತ್ರ. ಆ ಚಿತ್ರಗಳನ್ನೇ ಇಟ್ಟುಕೊಂಡು ಅಭಿಮಾನಿಗಳು ವರ್ಷಗಟ್ಟಲೆ ಇಡೀ ಸಿನಿಮಾವನ್ನು ಮನಸ್ಸಿನಲ್ಲೇ ನೋಡಿದರು. ಅದು ಏಕೆ ನಿಂತಿತೆಂದು ತಿಳಿಸುವ ಸಾಕ್ಷ್ಯಚಿತ್ರಕ್ಕೆ ಅವರೇ ಚಂದಾ ಎತ್ತಿದರು. 2015ರಲ್ಲಿ ಅದು ಹೊರಬಂತು. 2023ರ ‘ದಿ ಫ್ಲ್ಯಾಶ್’ ಚಿತ್ರದಲ್ಲಿ ಕೆಲವು ಕ್ಷಣ ಕೇಜ್ ಸೂಪರ್‌ಮ್ಯಾನ್ ಆಗಿಯೇ ಕಾಣಿಸಿಕೊಂಡರು, ಜೇಡದ ಜತೆ ಕಾದಾಡುತ್ತ!

ಇನ್ನೊಂದು ಇಂಥದೇ ಕಥೆ ಆಸ್ಟ್ರೇಲಿಯದ್ದು. ‘ಮ್ಯಾಡ್ ಮ್ಯಾಕ್ಸ್’ ಖ್ಯಾತಿಯ ಜಾರ್ಜ್ ಮಿಲ್ಲರ್ 2007ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರನ್ನು ಒಂದೇ ಚಿತ್ರದಲ್ಲಿ ಸೇರಿಸಲು ಹೊರಟರು. ನಟರ ಆಯ್ಕೆಯೂ ಆಗಿತ್ತು. ಹಾಲಿವುಡ್ ಲೇಖಕರ ಮುಷ್ಕರ ಬಂತು. ಆಸ್ಟ್ರೇಲಿಯದ ತೆರಿಗೆ ರಿಯಾಯಿತಿ ಕೈತಪ್ಪಿತು. ಚಿತ್ರ ಕಾಗದದಲ್ಲೇ ಉಳಿಯಿತು. ಸಿನಿಮಾ ಸಾಯಲು ಕಥೆ ಕೆಟ್ಟದಿರಬೇಕೆಂದೇನೂ ಇಲ್ಲ. ಒಂದು ತೆರಿಗೆ ಕಡತ ಸಾಕು.

ಅಭಿಮಾನಿಗಳೂ ಎಡವುತ್ತಾರೆ

ಹಾಗೆಂದು ಅಭಿಮಾನಿಗಳ ಆಯ್ಕೆಯೇ ಸರಿ ಎನ್ನುವಂತಿಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್ ಪಾತ್ರಕ್ಕೆ ಹಾಸ್ಯಪಾತ್ರಗಳ ಮೈಕೆಲ್ ಕೀಟನ್ ಆಯ್ಕೆಯಾದಾಗ ಪ್ರತಿಭಟನೆಯ ಸುಮಾರು 50,000 ಪತ್ರಗಳು ವಾರ್ನರ್ ಸಂಸ್ಥೆಗೆ ಬಂದು ಬಿದ್ದವು. ಮರುವರ್ಷ ಚಿತ್ರ ಬಂದಾಗ ಬೈದವರೇ ಸರದಿಯಲ್ಲಿ ನಿಂತರು. 2006ರಲ್ಲಿ ಹೀತ್ ಲೆಜರ್ ‘ಜೋಕರ್’ ಆಗುತ್ತಾರೆಂದಾಗಲೂ ಮೂಗು ಮುರಿದವರು ಬಹಳ. 2008ರ ‘ದಿ ಡಾರ್ಕ್ ನೈಟ್’ ನೋಡಿದ ಮೇಲೆ ಬಾಯಿ ಕಟ್ಟಿತು. ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡಿದ್ದ ಲೆಜರ್‌ಗೆ 2009ರಲ್ಲಿ ಮರಣೋತ್ತರ ಆಸ್ಕರ್ ಬಂತು.

1978ರ ‘ಸೂಪರ್‌ಮ್ಯಾನ್’ ಚಿತ್ರಕ್ಕೂ ಮೊದಲು ಕೇಳಿಬಂದವು ದೊಡ್ಡ ತಾರೆಯರ ಹೆಸರುಗಳೇ. ಕೊನೆಗೆ ಸಿಕ್ಕಿದ್ದು ಹೆಚ್ಚು ಜನ ಕೇಳಿರದ ಸಣಕಲು ಯುವಕ ಕ್ರಿಸ್ಟೋಫರ್ ರೀವ್. ಕಸರತ್ತು ಮಾಡಿ ಮೈ ಬೆಳೆಸಿಕೊಂಡು ಬಂದ ರೀವ್, ಪೆಚ್ಚು ಕ್ಲಾರ್ಕ್ ಕೆಂಟ್‌ಗೆ ಕೇರಿ ಗ್ರಾಂಟ್‌ನ ಹಳೆಯ ಹಾಸ್ಯಚಿತ್ರವೊಂದರಿಂದ ಹಾವಭಾವ ಹೆಕ್ಕಿಕೊಂಡರು. ಗ್ಲೆನ್‌ವಿಲ್‌ನ ಹುಡುಗರು ಹೆರಾಲ್ಡ್ ಲಾಯ್ಡ್‌ನಿಂದ ಹೆಕ್ಕಿದ್ದಂತೆಯೇ!

ತವರಿಗೆ ಬಂದ ನಾಯಕ

2024ರ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್‌ನ ನಡುಪೇಟೆಯಲ್ಲಿ ಜನ ಗುಂಪುಗೂಡಿದರು. ಜೇಮ್ಸ್ ಗನ್ ನಿರ್ದೇಶನದ ಹೊಸ ‘ಸೂಪರ್‌ಮ್ಯಾನ್’ಗೆ ಚಿತ್ರೀಕರಣ ನಡೆದಿತ್ತು. 1930ರ 52 ಅಂತಸ್ತಿನ ಟರ್ಮಿನಲ್ ಟವರ್ ತಲೆಯೆತ್ತಿ ನಿಂತಿರುವ ಪಬ್ಲಿಕ್ ಸ್ಕ್ವೇರ್‌ನಲ್ಲೇ ದೃಶ್ಯಗಳು. ಹಳೆಯ ಲೀಡರ್ ಬಿಲ್ಡಿಂಗ್, ಕ್ಲಾರ್ಕ್ ಕೆಂಟ್ ಕೆಲಸ ಮಾಡುವ ‘ಡೈಲಿ ಪ್ಲಾನೆಟ್’ ಪತ್ರಿಕಾ ಕಚೇರಿಯಾಯಿತು. ನಾಯಕ ಡೇವಿಡ್ ಕೊರೆನ್‌ಸ್ವೆಟ್. ಸೂಪರ್‌ಮ್ಯಾನ್ ಆಗುವುದು ತನ್ನ ದೂರದ ಆಸೆ ಎಂದು ಆತ 2019ರಲ್ಲಿ ಸಂದರ್ಶನವೊಂದರಲ್ಲಿ ಹೇಳಿದ್ದ. ಅವನ ಮುಖಕ್ಕೆ ಆ ಉಡುಪು ಒಪ್ಪುತ್ತದೆಂದು ಅಭಿಮಾನಿಗಳು ಅದಾಗಲೇ ಚಿತ್ರ ಬರೆಯತೊಡಗಿದ್ದರು. 2023ರಲ್ಲಿ ಆಯ್ಕೆ ಪ್ರಕಟವಾಯಿತು. 2025ರ ಜುಲೈನಲ್ಲಿ ಚಿತ್ರ ತೆರೆಗೆ ಬಂತು. ರೀವ್ ಕಲಿತ ಜೂಲಿಯಾರ್ಡ್ ಶಾಲೆಯಲ್ಲೇ ಈತನೂ ಕಲಿತವನು. ತೊಂಬತ್ತು ವರ್ಷಗಳ ಹಿಂದೆ ಇಬ್ಬರು ಹುಡುಗರು ಊಹಿಸಿಕೊಂಡಿದ್ದ ಸಿನಿಮಾ, ಅವರ ಊರಿನಲ್ಲೇ, ಅಭಿಮಾನಿಗಳು ಊಹಿಸಿಕೊಂಡಿದ್ದ ನಟನೊಂದಿಗೆ ನಡೆಯಿತು.

130 ಡಾಲರಿನ ಲೆಕ್ಕ

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಕಿಂಬರ್ಲಿ ಅವೆನ್ಯೂಗೆ ಬಂದ ತಂದೆತಾಯಿಯರು ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಅಧ್ಯಾಯವಿದೆ.

ಹುಡುಗರು ತಮ್ಮ ನಾಯಕನನ್ನು ಹೊತ್ತು ವರ್ಷಗಟ್ಟಲೆ ಪತ್ರಿಕೆಗಳ ಬಾಗಿಲು ತಟ್ಟಿದರು. ಬಲಿಯದ ಕೆಲಸವೆಂದು ತಳ್ಳಿಹಾಕಿದವರೂ ಉಂಟು. ಕೊನೆಗೆ 1938ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪ್ರಕಾಶಕರು ಒಪ್ಪಿದರು. ಸೂಪರ್‌ಮ್ಯಾನ್‌ನ ಸಕಲ ಹಕ್ಕುಗಳನ್ನೂ ಬಿಟ್ಟುಕೊಟ್ಟು ಗೆಳೆಯರು ಸಹಿ ಹಾಕಿದರು. ಸಿಕ್ಕ ಹಣ 130 ಡಾಲರ್, ಇಬ್ಬರಿಗೂ ಸೇರಿ! ಆ ಕಥೆ ಅಚ್ಚಾದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ ಆಗ ಹತ್ತು ಸೆಂಟ್. 2024ರಲ್ಲಿ ಅದರ ಒಂದೇ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು.

ಮುಂದೆ ಗೆಳೆಯರು ನ್ಯಾಯಾಲಯದ ಮೆಟ್ಟಿಲೇರಿದರು; ಸೋತರು; ತಮ್ಮ ಹೆಸರನ್ನೂ ಕಳೆದುಕೊಂಡರು. ಶುಸ್ಟರ್‌ಗೆ ಕಣ್ಣು ಮಂಜಾಯಿತು. ಸೀಗಲ್ ಗುಮಾಸ್ತಗಿರಿ ಮಾಡಿದರು. 1975ರಲ್ಲಿ, ದೊಡ್ಡ ಬಜೆಟ್ಟಿನ ಸಿನಿಮಾದ ಸುದ್ದಿ ಹಬ್ಬಿದಾಗ, ಸೀಗಲ್ ತಮ್ಮ ಕಥೆಯನ್ನು ಪತ್ರಿಕೆಗಳಿಗೆ ಬರೆದು ತಿಳಿಸಿದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಕಲಾವಿದರು ಬೆನ್ನಿಗೆ ನಿಂತರು. ವಾರ್ನರ್ ಸಂಸ್ಥೆ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಕೊಟ್ಟು, ಸೂಪರ್‌ಮ್ಯಾನ್‌ನ ಸೃಷ್ಟಿಕರ್ತರೆಂದು ಅವರ ಹೆಸರು ಹಾಕಲು ಒಪ್ಪಿತು. ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡರು.

ಮಕ್ಕಳು ಪಠ್ಯದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಲ್ಲದ ಸಿನಿಮಾಗಳಿಗೆ ನಟರನ್ನು ಹುಡುಕುತ್ತ ಕುಳಿತರೆ ಹಿರಿಯರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಪುಟದಲ್ಲಿ ನಡೆಯುವುದು ಬರಿ ಕಾಲಹರಣವಲ್ಲ. ಪಾತ್ರದ ಸ್ವಭಾವವೇನು, ಯಾವ ದನಿ ಅದಕ್ಕೆ ಒಪ್ಪುತ್ತದೆ, ಏಕೆ ಒಪ್ಪುತ್ತದೆ ಎಂದು ಯೋಚಿಸುವುದೂ ಒಂದು ಓದು. ಜೆರ್ರಿ, ಜೋ ಕಲಿತದ್ದು ಆ ಓದನ್ನೇ. ಅವರಿಗೆ ಯಾರೂ ಕಲಿಸದೆ ಹೋದದ್ದು ಒಂದೇ: ಸಹಿ ಹಾಕುವ ಮುನ್ನ ಕಾಗದವನ್ನು ಓದಬೇಕು, ತಿಳಿದವರನ್ನು ಕೇಳಬೇಕು ಎಂಬುದು.

ಕ್ಲೀವ್‌ಲ್ಯಾಂಡ್ ತಡವಾಗಿಯಾದರೂ ತನ್ನ ಋಣ ತೀರಿಸತೊಡಗಿದೆ. ಶಿಥಿಲವಾಗಿದ್ದ ಸೀಗಲ್ ಮನೆಯನ್ನು ಅಭಿಮಾನಿಗಳ ದೇಣಿಗೆಯಿಂದ 2009ರಲ್ಲಿ ದುರಸ್ತಿ ಮಾಡಲಾಯಿತು. 2025ರ ಆಗಸ್ಟ್‌ನಲ್ಲಿ ನಡುಪೇಟೆಯಲ್ಲಿ ಹಾರುವ ಸೂಪರ್‌ಮ್ಯಾನ್‌ನ ಉಕ್ಕಿನ ಪ್ರತಿಮೆ ಅನಾವರಣಗೊಂಡಿತು. ಪಕ್ಕದಲ್ಲೇ ಜೆರ್ರಿ, ಜೋ, ಜೋಆ್ಯನ್ ಮೂವರ ಪ್ರತಿಮೆಗಳೂ ಇವೆ. ವಿಮಾನ ನಿಲ್ದಾಣದಿಂದ ರೆಡ್ ಲೈನ್ ರೈಲು ಹತ್ತಿದರೆ ನೇರ ಟರ್ಮಿನಲ್ ಟವರಿನ ಕೆಳಗೇ ಇಳಿಯಬಹುದು. ಪ್ರತಿಮೆಗಳಿಗೆ ಅಲ್ಲಿಂದ ನಡೆದೇ ಹೋಗಬಹುದು.

ಸಮಯವಿದ್ದವರು ಅಮೋರ್ ಅವೆನ್ಯೂವರೆಗೂ ಹೋಗಿಬರಬೇಕು. ಶುಸ್ಟರ್ ಇದ್ದ ಕಟ್ಟಡ ಈಗಿಲ್ಲ. ಆ ಜಾಗದ ಬೇಲಿಯ ಉದ್ದಕ್ಕೂ ಸೂಪರ್‌ಮ್ಯಾನ್‌ನ ಮೊದಲ ಕಥೆಯ ಪುಟಗಳನ್ನು ದೊಡ್ಡದಾಗಿ ಮಾಡಿ ತೂಗುಹಾಕಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ ಇಡೀ ಕಥೆ ಓದಿ ಮುಗಿಸಬಹುದು. ಟಿಕೆಟ್ ಇಲ್ಲ, ಸರದಿ ಇಲ್ಲ. ಯಾವ ನಟನ ಮುಖವೂ ಅಲ್ಲಿಲ್ಲ. ಹಿಟ್ಟಿನ ಹಲಗೆಯ ಮೇಲೆ ಬರೆದು ಕಲಿತ ಒಬ್ಬ ಹುಡುಗನ ಗೆರೆಗಳು ಮಾತ್ರ ಇವೆ.