ಹದಿನೆಂಟಕ್ಕೆ ಹಿಡಿದ ವಾದ್ಯ

ಜಾಝ್ ಅಂದ ಕೂಡಲೆ ನಮ್ಮ ಬಳಗದಲ್ಲಿ ಅರ್ಧ ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಇನ್ನರ್ಧ ಜನ ಹಳೇ ಹಿಂದಿ ಸಿನಿಮಾದ ಕ್ಲಬ್ ಸೀನು ನೆನೆಸಿಕೊಂಡು ನಗುತ್ತಾರೆ. ಇರಲಿ. ನಾನಿಲ್ಲಿ ಹೇಳಹೊರಟದ್ದು ಜಾಝ್‌ನ ಲಕ್ಷಣ ಅಲ್ಲ. ಮೂವರು ವಾದ್ಯಗಾರರು ತಮ್ಮ ತಮ್ಮ ವಾದ್ಯಕ್ಕೆ ಯಾವ ದಾರಿಯಿಂದ ಬಂದರು ಅನ್ನುವುದು, ಅಷ್ಟೇ.

೧೯೫೯ರ ಕೊನೆಗೆ ನ್ಯೂಯಾರ್ಕಿನಲ್ಲಿ ಕೂಡಿಕೊಂಡ ಮೇಳ ಅದು. ಪಿಯಾನೋಗೆ ಬಿಲ್ ಎವನ್ಸ್, ಡಬಲ್ ಬಾಸ್‌ಗೆ ಸ್ಕಾಟ್ ಲಾಫಾರೋ, ಡ್ರಮ್ಸಿಗೆ ಪಾಲ್ ಮೋಶಿಯನ್. ಡಬಲ್ ಬಾಸ್ ಅಂದರೆ ಆಳೆತ್ತರದ ಪಿಟೀಲು ಅಂದುಕೊಳ್ಳಿ. ಜಾಝ್‌ನಲ್ಲಿ ಅದನ್ನು ಹೆಚ್ಚಾಗಿ ಬೆರಳಿನಿಂದಲೇ ಮೀಟುತ್ತಾರೆ.

ಎವನ್ಸ್ ಹುಟ್ಟಿದ್ದು ೧೯೨೯ರಲ್ಲಿ, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ. ಮನೆಯಲ್ಲಿ ಮೊದಲು ಪಿಯಾನೋ ಪಾಠ ಶುರುವಾದದ್ದು ಅವನಿಗಲ್ಲ, ಅಣ್ಣ ಹ್ಯಾರಿಗೆ. ತಮ್ಮ ಅದನ್ನು ಕೇಳಿ ಕೇಳಿ, ಪಾಠ ಮುಗಿದ ಮೇಲೆ ತಾನೇ ಕೂತು ನುಡಿಸಿಬಿಡುತ್ತಿದ್ದ. ಆಮೇಲೆ ಅವನಿಗೂ ಪಾಠವಾಯಿತು. ಜೊತೆಗೆ ಪಿಟೀಲು, ಅದಾದ ಮೇಲೆ ಕೊಳಲು. ತಮಾಷೆ ನೋಡಿ, ಮುಂದೆ ಜಗತ್ತೇ ಪಿಯಾನೋಗಾಗಿ ನೆನೆದ ಈ ಮನುಷ್ಯ ಲೂಸಿಯಾನಾದ ಕಾಲೇಜಿಗೆ ಸೇರಿದ್ದು ಕೊಳಲಿನ ಸ್ಕಾಲರ್‌ಶಿಪ್ಪಿನ ಮೇಲೆ! ೧೯೫೦ರಲ್ಲಿ ಡಿಗ್ರಿ ಮುಗಿಸಿ ಸೈನ್ಯಕ್ಕೆ ಹೋದ. ಅಲ್ಲಿನ ಬ್ಯಾಂಡಿನಲ್ಲೂ ಕೊಳಲೇ. ಮೈಲ್ಸ್ ಡೇವಿಸನ ಮೇಳ ಸೇರಿದ್ದು ೧೯೫೮ರಲ್ಲಿ, 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಣಕ್ಕೆ ಕೂತದ್ದು ೧೯೫೯ರಲ್ಲಿ.

ಪಿಯಾನೋದ ಕೀಲಿ ಒತ್ತಿದ ಮೇಲೆ ಸ್ವರ ತಾನಾಗಿ ಆರಿಹೋಗುತ್ತೆ. ಅದಕ್ಕೆ ಉಸಿರಿಲ್ಲ. ಆದರೆ ಎವನ್ಸನ ಪಿಯಾನೋ ಉಸಿರು ಎಳೆದು ಬಿಟ್ಟ ಹಾಗೆ ಕೇಳಿಸುತ್ತೆ. ನನ್ನ ಕಿವಿಗೆ ಅದು ಕೊಳಲಿನಿಂದ ತಂದ ಕಡ.

ಮೋಶಿಯನ್ ಅರ್ಮೇನಿಯನ್ ಮನೆತನದವನು. ಹುಟ್ಟಿದ್ದು ೧೯೩೧ರಲ್ಲಿ ಫಿಲಡೆಲ್ಫಿಯಾದಲ್ಲಿ, ಬೆಳೆದದ್ದು ರೋಡ್ ಐಲೆಂಡಿನ ಪ್ರಾವಿಡೆನ್ಸ್ ಊರಿನಲ್ಲಿ. ಅವನೂ ಮೊದಲು ಹಿಡಿದದ್ದು ಗಿಟಾರು. ಡ್ರಮ್ಸಿಗೆ ಬಂದದ್ದು ೧೨ನೆಯ ವಯಸ್ಸಿನಲ್ಲಿ. ಕೊರಿಯಾ ಯುದ್ಧದ ಕಾಲಕ್ಕೆ ನೌಕಾಪಡೆ, ಆಮೇಲೆ ನ್ಯೂಯಾರ್ಕು. ಅವನು ಲೆಕ್ಕ ಒಪ್ಪಿಸುವ ಗುಮಾಸ್ತನ ಹಾಗೆ ತಾಳ ಹಾಕುವವನಲ್ಲ. ಬ್ರಷ್ಷಿನಲ್ಲಿ ಒಂದು ಸಲ ಸವರುತ್ತಾನೆ, ಸುಮ್ಮನಾಗುತ್ತಾನೆ, ಇನ್ನೆಲ್ಲೋ ಒಂದು ಕಡೆ ತಟ್ಟುತ್ತಾನೆ. ಹಾಡಿನ ರಾಗವನ್ನು ಒಳಗೇ ಗುನುಗಿಕೊಳ್ಳುತ್ತ ನುಡಿಸುವವನ ಹಾಗೆ.

ಇನ್ನು ಲಾಫಾರೋ. ನನ್ನನ್ನು ಹಿಡಿದು ನಿಲ್ಲಿಸಿದವನು ಇವನೇ. ೧೯೩೬ರಲ್ಲಿ ಹುಟ್ಟಿದ. ತಂದೆ ಪಿಟೀಲುಗಾರ. ಮಗ ಪ್ರೈಮರಿಯಲ್ಲಿ ಪಿಯಾನೋ, ಆಮೇಲೆ ಬಾಸ್ ಕ್ಲಾರಿನೆಟ್, ಹೈಸ್ಕೂಲಿನಲ್ಲಿ ಸ್ಯಾಕ್ಸೋಫೋನ್ ಹೀಗೆ ಸುತ್ತಿದ. ಇಥಾಕಾದ ಕಾಲೇಜಿನಲ್ಲಿ ಸಂಗೀತ ಶಿಕ್ಷಣ ಓದಬೇಕಾದರೆ ಒಂದು ತಂತಿವಾದ್ಯ ಕಡ್ಡಾಯ. ಸರಿ, ಡಬಲ್ ಬಾಸ್ ಹಿಡಿದ. ಆಗ ವಯಸ್ಸು ೧೮! ಅಷ್ಟು ಹೊತ್ತಿಗೆ ಬೇರೆಯವರು ಕಛೇರಿ ಕೊಡುತ್ತಿರುತ್ತಾರೆ. ಹಿಡಿದ ಮೇಲೆ ಮಾತ್ರ ಬಿಡಲಿಲ್ಲ. ಕಾಲೇಜನ್ನೇ ನಡುವೆ ಬಿಟ್ಟು ಬ್ಯಾಂಡ್ ಸೇರಿದ, ದಿನವಿಡೀ ಸಾಧನೆ ಮಾಡಿದ. ಸಾಧನೆಗೆ ಕ್ಲಾರಿನೆಟ್ಟಿಗೆ ಬರೆದ ಪಾಠಗಳನ್ನೂ ಇಟ್ಟುಕೊಳ್ಳುತ್ತಿದ್ದನಂತೆ. ಬಾಸಿನ ಮೇಲಿನ ಸ್ವರಗಳಲ್ಲಿ ಅಷ್ಟು ಚುರುಕಾಗಿ ಓಡಾಡುವ ಆ ಕೈಯ ಹಿಂದೆ ಹಳೇ ಊದುವ ವಾದ್ಯದ ಋಣ ಇದೆ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಕನ್ನಡ ಅಕ್ಷರ ಕಲಿತದ್ದೂ ೧೮ಕ್ಕೆ. ಮುಂಬಯಿಯಲ್ಲೇ ಹುಟ್ಟಿದವನು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ನಮ್ಮಜ್ಜಿ ಒಂದು ನೋಟ್‌ಬುಕ್ಕಿನಲ್ಲಿ ತನಗೆ ಬರುವ ಹಾಡುಗಳನ್ನೆಲ್ಲ ಬರೆದಿಟ್ಟಿದ್ದಾಳೆ. ಅವುಗಳಲ್ಲಿ ಎಷ್ಟೋ ನನಗೆ ಬಾಯಿಪಾಠ, ಆದರೆ ಪುಟ ತೆರೆದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕಲಿಯುತ್ತೇನೆ ಅಂದಾಗ ಧಾರವಾಡದ ಸೋದರಮಾವ, "ಇಷ್ಟ್ ದಿನಾ ಬಿಟ್ಟು ಈಗ ಕಲ್ತು ಏನ್ ಮಾಡ್ತಿಯೋ ತಮ್ಮಾ?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೂ ಚುಚ್ಚಿತು. ನಮ್ಮ ಬಳಗದಲ್ಲಿ ಇಂಥ ಮಾತು ಕೇಳಿಸಿಕೊಂಡವರು ನಾನೊಬ್ಬನೇ ಅಲ್ಲ, ನಿಮಗೂ ಗೊತ್ತು. ಬರೆಯುವಾಗ ಈಗಲೂ ಮರಾಠಿ ಮಾತಿನ ಧಾಟಿ ನುಸುಳುತ್ತೆ. ಅದನ್ನೆಲ್ಲ ಉಜ್ಜಿ ತೆಗೆದ ಮೇಲೆಯೇ ಕನ್ನಡ ಬರೆಯಬೇಕು ಅಂತ ಕೆಲವರು ಹೇಳುತ್ತಾರೆ. ಲಾಫಾರೋ ತನ್ನ ಕ್ಲಾರಿನೆಟ್ಟನ್ನು ಉಜ್ಜಿ ತೆಗೆದಿದ್ದರೆ ಬಾಸಿನಲ್ಲಿ ಏನು ಉಳಿಯುತ್ತಿತ್ತು?

ಆವರೆಗೆ ಇಂಥ ಮೇಳಗಳಲ್ಲಿ ಸಾಮಾನ್ಯವಾಗಿ ಪಿಯಾನೋ ಯಜಮಾನ, ಬಾಸು-ಡ್ರಮ್ಸು ಪಕ್ಕವಾದ್ಯ. ಬಾಸಿನವನು ಒಂದೊಂದೇ ಹೆಜ್ಜೆ ಇಟ್ಟುಕೊಂಡು ತಾಳ ಕಾಯಬೇಕು. ಇವರಲ್ಲಿ ಹಾಗಲ್ಲ. ಪಿಯಾನೋ ಒಂದು ಮಾತು ಶುರುಮಾಡಿದರೆ ಬಾಸು ನಡುವೆಯೇ ಬಾಯಿ ಹಾಕುತ್ತೆ, ಡ್ರಮ್ಸು 'ಹೌದಾ?' ಅನ್ನುತ್ತೆ. ತಾಳವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮೂವರ ಮನಸ್ಸಿನಲ್ಲೂ ಅದು ನಡೆದಿರುತ್ತೆ. ಒಬ್ಬೊಬ್ಬನೂ ಇನ್ನೊಂದು ವಾದ್ಯದ ಮನೆಯಲ್ಲಿ ಇದ್ದು ಬಂದವನಾದ್ದರಿಂದಲೇ ಇನ್ನೊಬ್ಬನ ಮಾತು ಇಷ್ಟು ಬೇಗ ತಿಳಿಯಿತೇನೋ ಅಂತ ನನಗನಿಸುತ್ತೆ.

೧೯೬೧ರ ಜೂನ್ ೨೫, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸರತಿ ನುಡಿಸಿದರು. ಎಲ್ಲ ಮುದ್ರಣವಾಯಿತು. ಕೇಳಿದರೆ ಗಾಜಿನ ಲೋಟಗಳ ಸದ್ದು, ಜನರ ಹರಟೆ, ನಡುವೆ ಯಾರದೋ ನಗು. ಅಲ್ಲಿ ಏನು ನಡೆಯುತ್ತಿದೆ ಅನ್ನುವ ಪರಿವೆ ಎಷ್ಟೋ ಜನಕ್ಕೆ ಇದ್ದಂತಿಲ್ಲ.

ಹನ್ನೊಂದನೆಯ ದಿನ, ಜುಲೈ ೬ರಂದು, ಲಾಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ೨೫. ಎವನ್ಸ್ ಕೆಲವು ತಿಂಗಳು ಸಭೆಯಲ್ಲಿ ಪಿಯಾನೋ ಮುಟ್ಟಲಿಲ್ಲ. ಆಮೇಲೆ ಬೇರೆ ಬಾಸುಗಾರರೊಂದಿಗೆ ನುಡಿಸುತ್ತ ೧೯೮೦ರವರೆಗೆ ಬದುಕಿದ. ಮೋಶಿಯನ್ ೨೦೧೧ರವರೆಗೂ ಇದ್ದ. ತನ್ನ ಹೆಸರಿನ ಮೊದಲ ಆಲ್ಬಮ್ಮನ್ನು ಅವನು ಮುದ್ರಿಸಿದ್ದು ೧೯೭೨ರಲ್ಲಿ, ೪೧ನೆಯ ವಯಸ್ಸಿನಲ್ಲಿ. ತಡ ಅನ್ನುವುದಕ್ಕೆ ಅದು ಇನ್ನೊಂದು ಲೆಕ್ಕ.

ಲಾಫಾರೋಗೆ ಬಾಸಿನೊಂದಿಗೆ ಸಿಕ್ಕದ್ದು ಒಟ್ಟು ಏಳು ವರ್ಷ. ನಮ್ಮಲ್ಲಿ ಒಬ್ಬ ಹುಡುಗ ಪಿಯುಸಿಗೆ ಸೇರಿ ಎಂ.ಎ. ಮುಗಿಸುವಷ್ಟು ಕಾಲ. ಬಿಡುವಿದ್ದಾಗ ಆ ಭಾನುವಾರದ 'ಗ್ಲೋರಿಯಾಸ್ ಸ್ಟೆಪ್' ಕೇಳಿ; ಅದು ಅವನೇ ಕಟ್ಟಿದ ಹಾಡು. ಮೊದಲ ಸಲಕ್ಕೆ ಪಿಯಾನೋ ಬಿಟ್ಟು ಬರೀ ಬಾಸನ್ನೇ ಹಿಂಬಾಲಿಸಿ. ಕಷ್ಟವಾದರೆ ಇನ್ನೊಂದು ಸಲ ಹಾಕಿ.