ಪಣಜಿಯಲ್ಲೊಂದು ಫುಂದುಖ್

ತರಗತಿಯಲ್ಲಿ ಅರಬಿ ಪಾಠ ಮಾಡುವಾಗ ‘ಫುಂದುಖ್’ ಎಂಬ ಪದ ಬಂದಾಗಲೆಲ್ಲ ನಾನು ತುಸು ತಡವರಿಸುತ್ತೇನೆ. ಫುಂದುಖ್ ಎಂದರೆ ಹೋಟೆಲ್ ಎಂದು ಹೇಳಿದರೆ ನಮ್ಮ ಬೆಳಗಾವಿಯ ಮಕ್ಕಳ ಕಣ್ಣ ಮುಂದೆ ಬರುವುದು ಚಹಾ, ಖೀಮಾ ಮತ್ತು ಬಿರಿಯಾನಿ. ನಮ್ಮಲ್ಲಿ ಹೋಟೆಲ್ ಎಂದರೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತಾರೆ. ಆ ಪದವನ್ನು ಸಂಸಾರಸ್ಥರು ಇಂದಿಗೂ ಸ್ವಲ್ಪ ಅಳುಕಿನಿಂದಲೇ ಉಚ್ಚರಿಸುತ್ತಾರೆ. ಊರಿಗೆ ಹೋದರೆ ನೆಂಟರ ಮನೆಯಲ್ಲಿ ಇಳಿದುಕೊಳ್ಳಬೇಕು, ಲಾಡ್ಜ್ ಹಿಡಿದರೆ ನೆಂಟರಿಗೆ ಅವಮಾನ. ನೆಂಟರಿಲ್ಲದ ಊರಿಗೆ ಹೋಗಲೇಬಾರದು. ಬಹಳ ಕಾಲ ನಮ್ಮ ಮನೆಯ ಪ್ರವಾಸದ ನಿಯಮ ಇಷ್ಟೇ ಆಗಿತ್ತು.

ಆದರೆ ಫುಂದುಖ್ ಅಳುಕಿನ ಪದವಲ್ಲ. ಒಂದು ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ದಂಡೆಯ ಬಂದರುಗಳೆಲ್ಲ ಅದರ ಮೇಲೆಯೇ ನಿಂತಿದ್ದವು. ಅಲೆಕ್ಸಾಂಡ್ರಿಯಾದಲ್ಲಿ, ಅಂದರೆ ಅರಬರ ಇಸ್ಕಂದರಿಯಾದಲ್ಲಿ, ವೆನಿಸ್ಸಿನ ವರ್ತಕರಿಗೆಂದೇ ಫುಂದುಖ್‌ಗಳಿದ್ದವು. ನಡುವೆ ಅಂಗಳ, ಕೆಳಗೆ ಸರಕು, ಮೇಲೆ ಮಲಗುವ ಕೋಣೆಗಳು, ರಾತ್ರಿಯಾದರೆ ಹೊರಗಿನಿಂದ ಬೀಗ. ಆ ಪದವನ್ನೇ ಇಟಲಿಯವರು ‘ಫೊಂದಾಕೊ’ ಎಂದು ತಮ್ಮದಾಗಿಸಿಕೊಂಡರು. 1326ರಲ್ಲಿ ಇಬ್ನು ಬತೂತ ಆ ಊರಿಗೆ ಬಂದಾಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಅಲ್ಲಿ ಬುರ್ಹಾನುದ್ದೀನ್ ಎಂಬ ಹಿರಿಯರ ಬಳಿ ಮೂರು ದಿನ ಅತಿಥಿಯಾಗಿದ್ದರು. ಜನ ಅವರನ್ನು ‘ಅಲ್ ಅಅ್‌ರಜ್’, ಅಂದರೆ ಕಾಲು ಕುಂಟುವವರು ಎಂದು ಕರೆಯುತ್ತಿದ್ದರು. ನೀನು ಹಿಂದ್‌ಗೂ ಹೋಗುವೆ, ಚೀನಾಕ್ಕೂ ಹೋಗುವೆ ಎಂದು ಆ ಯುವಕನಿಗೆ ಹೇಳಿದವರು ಅವರೇ.

ಹಾಗೆ ಹಿಂದ್‌ಗೆ ಬಂದ ಇಬ್ನು ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನ್‌ರ ಆಶ್ರಯದಲ್ಲಿದ್ದರು. ಅಲ್ಲಿಂದ 52 ಹಡಗುಗಳ ಪಡೆಯೊಂದಿಗೆ ‘ಸಂದಾಬೂರ್’ ಎಂಬ ಬಂದರಿಗೂ ಹೋದರು. ಸಂದಾಬೂರ್ ಎಂದರೆ ಗೋವಾ. ಅದು ಸುತ್ತ ನೀರಿನ ದ್ವೀಪವೆಂದೂ ಅದರೊಳಗೆ 36 ಹಳ್ಳಿಗಳಿದ್ದವೆಂದೂ ಬರೆದಿಟ್ಟಿದ್ದಾರೆ. ಇಸ್ಕಂದರಿಯಾದಲ್ಲಿ ಕೋಣೆ ಹುಡುಕುವ ಯೋಗ ನನ್ನಂಥ ಮಾಸ್ತರನಿಗೆ ಸದ್ಯಕ್ಕಿಲ್ಲ. ಸಂದಾಬೂರ್ ಮಾತ್ರ ಬೆಳಗಾವಿ ಬಸ್ ನಿಲ್ದಾಣದಿಂದ ಅರ್ಧ ದಿನದ ದಾರಿ. ಈ ಅಕ್ಟೋಬರ್ ರಜೆಯಲ್ಲಿ ಅಮ್ಮಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಎರಡು ತಿಂಗಳಿನಿಂದ ಲೆಕ್ಕ ಹಾಕುತ್ತಿದ್ದೇನೆ.

ಅಮ್ಮಿಯ ತವರು ಖಾನಾಪುರ. ಬೆಳಗಾವಿಯಿಂದ 26 ಕಿ.ಮೀ. ಜೇಡಿಮಣ್ಣಿಗೆ, ಹೆಂಚಿಗೆ, ಮಡಕೆಗೆ ಹೆಸರಾದ ಊರು. 1961ರ ಡಿಸೆಂಬರ್‌ನಲ್ಲಿ ಅವರಿಗೆ ಆರೋ ಏಳೋ ವರ್ಷ. ಸೇನೆಯ ಲಾರಿಗಳು ಬೆಳಗಾವಿ ಕಡೆಯಿಂದ ಬಂದು ಸಾಲುಸಾಲಾಗಿ ಖಾನಾಪುರ ದಾಟಿ ಹೋಗುವುದನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದ್ದರಂತೆ. ಎಲ್ಲಿಗೆ ಎಂದು ಕೇಳಿದಾಗ ‘ಗೋವಾಕ್ಕೆ’ ಎಂದರಂತೆ ನಾನಾ. ಅದೇ ತಿಂಗಳ 19ರಂದು ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ದಾರಿ ತೆರೆಯಿತು. ಅರುವತ್ತು ವರ್ಷ ದಾಟಿದರೂ ಅಮ್ಮಿ ಮಾತ್ರ ಆ ದಾರಿಯಲ್ಲಿ ಲೋಂಡಾದಿಂದ ಆಚೆ ಹೋಗಲಿಲ್ಲ. ಮೊದಲು ಹಣವಿರಲಿಲ್ಲ, ಆಮೇಲೆ ಮಕ್ಕಳು, ಆಮೇಲೆ ಮೊಣಕಾಲು.

ಮೊಣಕಾಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿಗೆ ಮದುವೆಗೆಂದು ಹೋಗಿದ್ದೆವು. ಫೋನಿನಲ್ಲಿ ಕೋಣೆ ಕಾದಿರಿಸಿ, ‘ಲಿಫ್ಟ್ ಇದೆಯಾ?’ ಎಂದು ಕೇಳಿದ್ದೆ. ‘ಇದೆ’ ಎಂದಿದ್ದರು. ಸುಳ್ಳಲ್ಲ, ಲಿಫ್ಟ್ ಇತ್ತು. ಅದರ ಬಾಗಿಲಿಗೆ ಹಳೆಯ ಪೊರಕೆ, ಬಕೆಟ್ ಒರಗಿಸಿಟ್ಟಿದ್ದರು. ನಮ್ಮ ಕೋಣೆ ಮೂರನೆಯ ಮಹಡಿಯಲ್ಲಿ. ರಾತ್ರಿ ಹನ್ನೊಂದು ಗಂಟೆ. ಅಮ್ಮಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಮಗನೂ ಹೊತ್ತು ಮೇಲೇರಿದೆವು. ಎರಡನೆಯ ಮಹಡಿಯ ತಿರುವಿನಲ್ಲಿ ಯಾರೋ ಅಪರಿಚಿತರು ಕೆಳಗೆ ಇಳಿಯುತ್ತಿದ್ದರು. ಅಮ್ಮಿ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡರು. ಬೆಳಿಗ್ಗೆ ಮದುವೆಗೂ ಇಳಿಯಲಿಲ್ಲ. ಅಂದಿನಿಂದ ಅವರ ಪ್ರಯಾಣವೆಂದರೆ ತವರಿಗೆ ಹೋಗುವುದು, ಬರುವುದು. ಗೋವಾದ ಮಾತೆತ್ತಿದರೆ ‘ನೀವು ಹೋಗಿ ಬನ್ನಿ, ಫೋಟೊ ತನ್ನಿ’ ಎನ್ನುತ್ತಾರೆ.

ತಪ್ಪು ಲಾಡ್ಜಿನವರದ್ದು ಎಂದು ಬಹಳ ದಿನ ಬೈದುಕೊಂಡಿದ್ದೆ. ಈಗ ಅನಿಸುವುದು, ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ‘ಲಿಫ್ಟ್ ಇದೆಯಾ’ ಎಂಬುದು ಕಟ್ಟಡದ ಬಗೆಗಿನ ಪ್ರಶ್ನೆ. ‘ನನ್ನ ತಾಯಿ ರಸ್ತೆಯಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು ಹತ್ತಬೇಕು?’ ಎಂದು ಕೇಳಬೇಕಿತ್ತು. ಹಿರಿಯರನ್ನು ಕರೆದುಕೊಂಡು ಹೊರಡುವ ಆಲೋಚನೆ ನಿಮಗೂ ಇದ್ದರೆ ಮೊದಲು ಊರಿನ ನಕಾಶೆ ತೆರೆಯಬೇಡಿ. ಅವರು ಒಂದೇ ಉಸಿರಿಗೆ ಎಷ್ಟು ಹೆಜ್ಜೆ ನಡೆಯುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಕೋಣೆಯ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ನನ್ನ ಆಸೆ ಬೇರೆಯೇ ಇತ್ತು. ಪಣಜಿಯ ಫಾಂಟೈನ್ಹಾಸ್ ಎಂಬ ಹಳೆಯ ಬೀದಿಗಳಲ್ಲಿ ಪೋರ್ಚುಗೀಸ್ ಕಾಲದ ಮನೆಗಳು ಈಗ ಅತಿಥಿಗೃಹಗಳಾಗಿವೆ. ಹಳದಿ, ನೀಲಿ, ಕೆಂಪು ಗೋಡೆಗಳು, ಹೆಂಚಿನ ಮಾಡು, ಪುಟ್ಟ ಬಾಲ್ಕನಿ. ಚಿತ್ರ ನೋಡಿದರೆ ಯಾರಿಗೂ ಅಲ್ಲೇ ಇಳಿಯಬೇಕೆನಿಸುತ್ತದೆ. ಆದರೆ ಹಳೆಯ ಮನೆ ಎಂದರೆ ಕಡಿದಾದ ಮರದ ಮೆಟ್ಟಿಲು, ಎತ್ತರದ ಹೊಸ್ತಿಲು, ಕಾರು ಬಾಗಿಲವರೆಗೆ ಬಾರದ ಓಣಿ. ಆ ಬೀದಿಗಳನ್ನು ನಾನು ಫಜ್ರ್ ನಮಾಝಿನ ನಂತರ ಒಬ್ಬನೇ ನಡೆದು ನೋಡಿದರಾಯಿತು, ಅಲ್ಲೇ ಮಲಗಬೇಕೆಂದಿಲ್ಲ. ಮಾಂಡವಿ ನದಿಗೆ ಎದುರಾದ ಕೋಣೆಗಳನ್ನೂ ಬಿಟ್ಟೆ. ನೋಟ ಚೆಂದ. ಆದರೆ ನದಿಯಲ್ಲಿ ಕ್ಯಾಸಿನೊ ಹಡಗುಗಳು ನಿಂತಿವೆ, ಅವುಗಳ ದೀಪವೂ ಸದ್ದೂ ತಡರಾತ್ರಿಯವರೆಗೆ. ಕಡಲ ತೀರದ ರೆಸಾರ್ಟ್‌ಗಳ ಗೊಡವೆಗೆ ಹೋಗಲೇ ಇಲ್ಲ. ಬಂದರನ್ನು ನೋಡಲು ಹೋಗುವವರಿಗೆ ಊರೊಳಗಿನ ಕೋಣೆಯೇ ಸರಿ.

ದಿನದ ಆಯ್ಕೆಯಲ್ಲಿ ದುಡ್ಡು ಉಳಿಯುತ್ತದೆ. ನವೆಂಬರ್‌ನಲ್ಲಿ ಪಣಜಿಯಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ, ಡಿಸೆಂಬರ್ 3ಕ್ಕೆ ಹಳೆ ಗೋವಾದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬ, ಆಮೇಲೆ ಕ್ರಿಸ್ಮಸ್, ಹೊಸ ವರ್ಷ. ಆಗ ಕೋಣೆಯ ದರ ಮಾಸ್ತರರನ್ನು ಕೇಳಿ ಏರುವುದಿಲ್ಲ. ವಾರಾಂತ್ಯವೂ ದುಬಾರಿ. ನಾವು ಸೋಮವಾರ ಹೋಗಿ ಬುಧವಾರ ಮರಳುವುದೆಂದು ನಿರ್ಧರಿಸಿದ್ದೇವೆ. ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5. ಎರಡು ಸಾವಿರದ ಕೋಣೆಗೆ ನೂರು ರೂಪಾಯಿ. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕು, ಒಬ್ಬರದ್ದು ಸಾಲದು. ಕೋಣೆ ಕೊಡುವ ಸಮಯ ಸಾಮಾನ್ಯವಾಗಿ ಮಧ್ಯಾಹ್ನ. ಬೆಳಿಗ್ಗೆ ಎಂಟಕ್ಕೇ ಹೋಗಿ ಹಿರಿಯರನ್ನು ಸೋಫಾದಲ್ಲಿ ಕೂರಿಸಿ ಕಾಯಿಸಬೇಡಿ.

ನಾನು ಒಟ್ಟು ಏಳು ಕಡೆ ಫೋನ್ ಮಾಡಿದೆ. ಒಂದು ಕಡೆ ಕೋಣೆ ಇದೆ ಎಂದವರು, ಹೆಸರು ಬರೆಸುವಾಗ ‘ಒಂದು ನಿಮಿಷ’ ಎಂದು ಹೋಗಿ ಬಂದು ಭರ್ತಿಯಾಗಿದೆ ಎಂದರು. ಕಾರಣ ಹುಡುಕುತ್ತಾ ಕೂರಲಿಲ್ಲ, ಮುಂದಿನ ನಂಬರು ಒತ್ತಿದೆ. ಆದರೆ ಪಕ್ಕದಲ್ಲೇ ಕುಳಿತಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಂದಿನ ಫೋನಿಗೆ ‘ನಾನು ಮಾತಾಡ್ತೀನಿ’ ಎಂದು ಮೊಬೈಲ್ ಕಿತ್ತುಕೊಂಡು ಮೊದಲು ಹೆಸರು ಹೇಳಿ, ಆಮೇಲೆ ಕೋಣೆ ಕೇಳಿದಳು. ಅದೇ ಕ್ರಮ ಒಳ್ಳೆಯದೆಂದು ಈಗ ನನಗೂ ಅನಿಸುತ್ತಿದೆ. ಐದನೆಯ ಕಡೆಯವರು ಊಟದ ವಿಷಯ ತಾವಾಗಿ ತೆಗೆದು, ಹಲಾಲ್ ಊಟ ಎಲ್ಲಿ ಸಿಗುತ್ತದೆ, ಮಸೀದಿಗೆ ರಿಕ್ಷಾಕ್ಕೆ ಎಷ್ಟಾಗುತ್ತದೆ ಎಂದೂ ತಿಳಿಸಿದರು. ಅವರು ಕ್ರೈಸ್ತ ಮಹಿಳೆ.

ದಾರಿಯ ಚರ್ಚೆಯೂ ನಡೆಯಿತು. ಜಾಂಬೋಟಿ, ಕಣಕುಂಬಿಯ ಮೇಲಿಂದ ಚೋರ್ಲಾ ಘಾಟ್ ಇಳಿದರೆ ಹತ್ತಿರ. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನೂ ನೋಡಿದಂತಾಗುತ್ತದೆ. ರೈಲಿನಲ್ಲಿ ಹೋದರೆ ಕ್ಯಾಸಲ್‌ರಾಕ್ ಘಾಟಿನ ಸೊಬಗು ಸಿಗುತ್ತದೆ, ಆದರೆ ಬೆಳಗಾವಿಯ ಗಾಡಿ ಇಳಿಸುವುದು ಮಡಗಾಂವ್‌ನಲ್ಲೋ ವಾಸ್ಕೋದಲ್ಲೋ. ಅಲ್ಲಿಂದ ಪಣಜಿಗೆ ಇನ್ನೊಮ್ಮೆ ಹತ್ತಿ ಇಳಿಯಬೇಕು. ಅಮ್ಮಿ ಮಾತ್ರ ಒಂದೇ ಮಾತು ಹೇಳಿದರು. ‘ಲಾರಿಗಳು ಹೋದ ರಸ್ತೆಯಲ್ಲೇ ಹೋಗೋಣ.’ ಆದ್ದರಿಂದ ಬಾಡಿಗೆ ಕಾರಿನಲ್ಲಿ ಖಾನಾಪುರ, ಲೋಂಡಾ, ರಾಮನಗರ, ಅನಮೋಡ, ಮೊಲ್ಲೆಮ್, ಫೋಂಡಾ, ಪಣಜಿ. ವರ್ಷಗಟ್ಟಲೆ ಅಗಲೀಕರಣದ ಹೆಸರಲ್ಲಿ ಅಗೆಸಿಕೊಂಡ ರಸ್ತೆ ಅದು. ಸೊಂಟಕ್ಕೊಂದು ದಿಂಬು ಇಟ್ಟುಕೊಂಡಿದ್ದೇವೆ.

ಈ ದಾರಿ ಹಿಡಿದರೆ ನಮ್ಮ ತಾಲೂಕು ಗೋವಾದವರೆಗೂ ಜೊತೆಗೆ ಬರುತ್ತದೆ. ಖಾನಾಪುರ ತಾಲೂಕಿನ ಹಲಸಿ ಕದಂಬರ ರಾಜಧಾನಿಗಳಲ್ಲೊಂದು. ಅದೇ ವಂಶದ ಗೋವಾ ಶಾಖೆ ಝುವಾರಿ ದಂಡೆಯ ಗೋಪಕಪಟ್ಟಣದಿಂದ ಆಳಿತು. ಗೋವಾ ಸರಕಾರದ ಬಸ್ಸುಗಳ ಮೇಲೆ ‘ಕದಂಬ’ ಎಂದು ಬರೆದಿರುವುದು ಅದಕ್ಕೇ. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿ ಎಂಬ ಅರಸನ ಆಡಳಿತದಲ್ಲಿ ಛಡಮ ಎಂಬ ಅರಬ್ ಮೂಲದ ಅಧಿಕಾರಿಯಿದ್ದ. ಅವನು ಕಟ್ಟಿಸಿದ ಮಸೀದಿಯ ಖರ್ಚಿಗೆ ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತುವ ಏರ್ಪಾಡು ಶಾಸನದಲ್ಲಿದೆ. ಮಸೀದಿಗೆ ಅದರಲ್ಲಿ ಬಳಸಿದ ಪದ ‘ಮಿಜಿಗಿತಿ’. ಬಿ.ಎ.ಯಲ್ಲಿ ಇತಿಹಾಸ ಓದಿಯೂ ಇದು ನನಗೆ ತಿಳಿದದ್ದು ತೀರಾ ಈಚೆಗೆ. ಪಣಜಿಯ ಮುಂದೆ ಹರಿಯುವ ಮಾಂಡವಿಯೂ ಖಾನಾಪುರ ತಾಲೂಕಿನ ಕಾಡಿನಲ್ಲೇ ಮಹದಾಯಿಯಾಗಿ ಹುಟ್ಟಿದ ನದಿ. ಅದರ ನೀರಿಗಾಗಿ ಎರಡು ರಾಜ್ಯಗಳ ಜಗಳ ಈಗಲೂ ಮುಗಿದಿಲ್ಲ.

ಬೆಳಗಾವಿ ಕೋಟೆಯೊಳಗೆ ಬಿಜಾಪುರದ ಸರದಾರ ಅಸದ್ ಖಾನ್ 1519ರಲ್ಲಿ ಕಟ್ಟಿಸಿದ ಸಫಾ ಮಸೀದಿಯನ್ನು ನೀವು ನೋಡಿರಬಹುದು. ಫೋಂಡಾದಲ್ಲೂ ಒಂದು ಸಫಾ ಮಸೀದಿ ಇದೆ. 1560ರಲ್ಲಿ ಅಲಿ ಆದಿಲ್ ಶಾ ಕಾಲದ್ದು. ಪಕ್ಕದಲ್ಲೇ ಮೆಟ್ಟಿಲಿಳಿಯುವ ಕೊಳ. ಒಂದು ಸಫಾದ ಊರಿನಿಂದ ಹೊರಟು ಇನ್ನೊಂದರ ಬಳಿ ಸ್ವಲ್ಪ ಕಾಲು ಚಾಚುವ ಯೋಜನೆ ನಮ್ಮದು. ಅಷ್ಟರಲ್ಲಿ ನಾವು ಮುಸಾಫಿರರು. ಹನಫಿಗಳಾದ ನಾವು ಝುಹ್ರ್ ಎರಡೇ ರಕಅತ್ ನಿರ್ವಹಿಸಬೇಕು. ಎರಡು ರಾತ್ರಿಯ ತಂಗುವಿಕೆಯಿಂದ ಆ ರಿಯಾಯಿತಿ ತಪ್ಪುವುದಿಲ್ಲ. ಕರಾವಳಿಯ ಶಾಫಿಈ ಓದುಗರಿಗೆ ಎರಡು ನಮಾಝ್‌ಗಳನ್ನು ಜೋಡಿಸುವ ಅನುಕೂಲವೂ ಉಂಟು.

ಪಣಜಿಯಲ್ಲಿ ಹೆಚ್ಚು ನೋಡುವ ಆಸೆ ಇಟ್ಟುಕೊಂಡಿಲ್ಲ. ಮಾಂಡವಿಯ ದಂಡೆಯಲ್ಲಿ ಆದಿಲ್ ಶಾಹಿ ಅರಮನೆ. ಹತ್ತು ಕಿ.ಮೀ. ಆಚೆ ಹಳೆ ಗೋವಾ. ಅಲ್ಲಿ ದೊಡ್ಡ ಚರ್ಚುಗಳ ನಡುವೆ ಆದಿಲ್ ಶಾಹನ ಅರಮನೆಯ ಬಾಗಿಲಿನ ಕಲ್ಲುಕಂಬಗಳಷ್ಟೇ ಉಳಿದಿವೆ. 1510ರಲ್ಲಿ ಊರನ್ನು ಗೆದ್ದ ಅಲ್ಬುಕರ್ಕ್ ಅಲ್ಲಿನ ಮುಸ್ಲಿಮರನ್ನು ಕೊಲ್ಲಿಸಿದ್ದನ್ನು ತನ್ನ ದೊರೆಗೆ ತಾನೇ ಪತ್ರ ಬರೆದು ತಿಳಿಸಿದ. ಆಮೇಲೆ ಬೆಳೆದು ಮೆರೆದ ಆ ನಗರವನ್ನು ರೋಗಗಳು ಖಾಲಿ ಮಾಡಿದವು. 1843ರಲ್ಲಿ ಪಣಜಿ ರಾಜಧಾನಿಯಾಯಿತು. ಮಕ್ಕಳಿಗೆ ಇದನ್ನೆಲ್ಲ ಆ ಬಾಗಿಲಿನ ಬಳಿ ನಿಂತು ಹೇಳಬೇಕೆಂದಿದ್ದೇನೆ. ಅಮ್ಮಿ ಕಾರಿನಲ್ಲೇ ಕುಳಿತು ನೋಡಬಹುದು.

ಕೋಣೆ ಕೊನೆಗೆ ಆ ಕ್ರೈಸ್ತ ಮಹಿಳೆಯಲ್ಲೇ ಹಿಡಿದೆ. ನೆಲ ಅಂತಸ್ತು, ಕಮೋಡ್, ಪಕ್ಕದಲ್ಲಿ ನೀರಿನ ಪೈಪು. ಕಟ್ಟಡದಲ್ಲಿ ಬಾರ್ ಇಲ್ಲ. ಮೆಟ್ಟಿಲು ಎಷ್ಟು ಎಂದು ಕೇಳಿದಾಗ ‘ಎರಡು ಮೂರು ಇರಬೇಕು’ ಎಂದರು. ಇರಬೇಕು ಎಂಬ ಪದ ನನಗೆ ಭಯ ತರುತ್ತದೆ. ಮದುವೆಯ ರಾತ್ರಿಯ ಕುರ್ಚಿಯ ಕತೆಯನ್ನು ಸಂಕೋಚ ಬಿಟ್ಟು ಹೇಳಿದೆ. ಅವರು ಫೋನ್ ಹಿಡಿದೇ ಹೊರಗೆ ಹೋದರು. ಚಪ್ಪಲಿಯ ಸದ್ದು ಕೇಳಿಸಿತು. ‘ಹೊರಗೆ ಮೂರು, ಬಚ್ಚಲಿಗೆ ಅರ್ಧ. ಹೊರಗಿನದಕ್ಕೆ ಹಿಡಿಕೆ ಇಲ್ಲ, ಆದರೆ ನಾನಿದ್ದೇನೆ, ಕೈ ಹಿಡಿಯುತ್ತೇನೆ’ ಎಂದರು.

ಅಮ್ಮಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ ನಮ್ಮ ಮನೆಯ ಅಂಗಳದ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿ ಇಳಿಯುತ್ತಿದ್ದರು. ನಮ್ಮ ಮನೆಗೂ ಮೂರೇ ಮೆಟ್ಟಿಲು.